ಒಂದೇ ವೃತ್ತದ ಮತಪತ್ರ

ಲೆಕ್ಕಪರಿಶೋಧನೆಯ ವೃತ್ತಿಯಲ್ಲಿ ಬಾಕಿ ದೃಢೀಕರಣ ಪತ್ರ ಎಂಬುದೊಂದುಂಟು. ಕಂಪನಿಯ ಪುಸ್ತಕದಲ್ಲಿ ‘ಇಂಥವರಿಂದ ನಮಗೆ ಹತ್ತು ಲಕ್ಷ ರೂಪಾಯಿ ಬರಬೇಕು’ ಎಂದು ಬರೆದಿದ್ದರೆ ಪರಿಶೋಧಕನಾದವನು ಆ ಮಾತನ್ನು ನಂಬಿ ಸುಮ್ಮನಿರುವಂತಿಲ್ಲ. ಹಣ ಕೊಡಬೇಕಾದವರಿಗೇ ಪತ್ರ ಬರೆದು, ‘ಈ ಮೊತ್ತ ನಿಮಗೆ ಒಪ್ಪಿಗೆಯೇ? ಒಪ್ಪಿಗೆಯಿಲ್ಲದಿದ್ದರೆ ನಿಮ್ಮ ಲೆಕ್ಕದಂತೆ ಎಷ್ಟು?’ ಎಂದು ಕೇಳಬೇಕು. ಉತ್ತರವು ಕಂಪನಿಯ ಕೈ ಸೇರದೆ ನೇರವಾಗಿ ಪರಿಶೋಧಕನಿಗೇ ಬರಬೇಕು. ‘ಒಪ್ಪುವುದಿಲ್ಲ’ ಎನ್ನಲು ಪತ್ರದಲ್ಲಿ ಜಾಗವೇ ಇಲ್ಲದಿದ್ದರೆ, ಅಥವಾ ಬಂದ ಉತ್ತರವನ್ನು ಮೊದಲು ಕಂಪನಿಯ ಮಾಲೀಕರೇ ಒಡೆದು ಓದುವಂತಿದ್ದರೆ, ನೂರಕ್ಕೆ ನೂರು ‘ಒಪ್ಪಿಗೆ’ ಬಂದರೂ ಅದಕ್ಕೆ ಸಾಕ್ಷ್ಯದ ಬೆಲೆಯಿಲ್ಲ. ಇಪ್ಪತ್ತು ವರ್ಷಗಳಿಂದ ಈ ಕೆಲಸ ಮಾಡುತ್ತಿರುವ ನನಗೆ, ಒಂದು ಉತ್ತರವನ್ನು ಓದುವ ಮೊದಲು ಅದನ್ನು ಪಡೆದ ನಮೂನೆಯನ್ನು ಓದುವುದು ಅಭ್ಯಾಸವಾಗಿಬಿಟ್ಟಿದೆ.

ಈ ಅಭ್ಯಾಸದ ಕಣ್ಣಿನಿಂದಲೇ ನಾನು ಕೆಲವು ಹಳೆಯ ಮತಪತ್ರಗಳ ಚಿತ್ರಗಳನ್ನು ಈಚೆಗೆ ಗಮನವಿಟ್ಟು ನೋಡಿದೆ. ಅವು 1928ರಿಂದ 1938ರವರೆಗಿನ ಹತ್ತು ವರ್ಷಗಳಲ್ಲಿ ಜರ್ಮನಿಯ ಮತದಾರರ ಕೈಗೆ ಬಂದವು. ಅವುಗಳಲ್ಲಿ ಕಡೆಯದು ಬಹಳ ಮಂದಿ ಓದುಗರು ಪುಸ್ತಕಗಳಲ್ಲಿ ಕಂಡಿರಬಹುದಾದದ್ದು. 1938ರ ಏಪ್ರಿಲ್ 10ರಂದು, ಆಸ್ಟ್ರಿಯಾ ದೇಶವನ್ನು ಜರ್ಮನಿಗೆ ಸೇರಿಸಿಕೊಂಡ ಬಳಿಕ ನಡೆದ ಜನಮತಸಂಗ್ರಹದ ಪತ್ರವದು. ನಡುವೆ ಒಂದು ದೊಡ್ಡ ವೃತ್ತ. ಅದರ ಮೇಲೆ ‘ಹೌದು’. ಬಲಬದಿಗೆ ಒಂದು ಚಿಕ್ಕ ವೃತ್ತ. ಅದರ ಮೇಲೆ ‘ಇಲ್ಲ’. ಆಸ್ಟ್ರಿಯಾದಲ್ಲಿ ಶೇಕಡಾ 99.73ರಷ್ಟು ‘ಹೌದು’ ಬಂತೆಂದು ಸರ್ಕಾರ ಸಾರಿತು.

ಆ ಎರಡು ವೃತ್ತಗಳ ಗಾತ್ರವನ್ನು ಕಂಡು ನಾವು ನಗುತ್ತೇವೆ. ಇಷ್ಟು ಬಹಿರಂಗವಾದ ಮೋಸವೇ ಎನ್ನುತ್ತೇವೆ. ಆದರೆ ನಗುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಎದುರಾಳಿಗಳನ್ನೆಲ್ಲ ಸೆರೆಮನೆಗೆ ತಳ್ಳಿದ್ದ, ಸೈನ್ಯವನ್ನೂ ಪೊಲೀಸರನ್ನೂ ಕೈಯಲ್ಲಿಟ್ಟುಕೊಂಡಿದ್ದ ಸರ್ವಾಧಿಕಾರಿಗೆ ಮತಪತ್ರವಾದರೂ ಏಕೆ ಬೇಕಾಗಿತ್ತು? ಅದನ್ನು ಅವನು ರದ್ದು ಮಾಡಲಿಲ್ಲವೇಕೆ? ಹತ್ತು ವರ್ಷಗಳ ಮತಪತ್ರಗಳನ್ನು ಸಾಲಾಗಿ ಇಟ್ಟು ನೋಡಿದರೆ ಉತ್ತರ ತಾನಾಗಿ ಹೊಳೆಯುತ್ತದೆ. ಮತಪತ್ರ ಕಡೆಯವರೆಗೂ ಉಳಿಯಿತು. ಅದರೊಳಗಿನ ಆಯ್ಕೆ ಮಾತ್ರ ಒಂದೊಂದು ಸಾಲಾಗಿ ಅಳಿಯಿತು.

ಮೊದಲಿನಿಂದ ನೋಡೋಣ. ಆ ಕಾಲದ ಜರ್ಮನಿಯಲ್ಲಿ ಮತದಾರನು ಅಭ್ಯರ್ಥಿಗೆ ಬದಲಾಗಿ ಪಕ್ಷದ ಪಟ್ಟಿಗೆ ಮತ ಕೊಡುತ್ತಿದ್ದನು. ಮತಪತ್ರದಲ್ಲಿ ಪ್ರತಿಯೊಂದು ಪಕ್ಷಕ್ಕೂ ಒಂದು ಕ್ರಮಸಂಖ್ಯೆ, ಹೆಸರು, ಮುಖಂಡರ ಹೆಸರುಗಳು, ಎದುರಿಗೆ ಒಂದು ಖಾಲಿ ವೃತ್ತ. ತನಗೆ ಬೇಕಾದ ಪಕ್ಷದ ಎದುರಿನ ವೃತ್ತದಲ್ಲಿ ಮತದಾರನು ಗುಣಾಕಾರದ ಗುರುತು ಹಾಕಬೇಕು. ಹಿಂದಿನ ಸಂಸತ್ತಿನಲ್ಲಿ ಪಕ್ಷಗಳಿಗಿದ್ದ ಬಲವನ್ನು ಅನುಸರಿಸಿ ಕ್ರಮಸಂಖ್ಯೆ ಬೀಳುತ್ತಿತ್ತು. 1928ರಲ್ಲಿ ಹಿಟ್ಲರನ ಪಕ್ಷದ ಕ್ರಮಸಂಖ್ಯೆ 10. ಅದಕ್ಕೆ ಬಂದದ್ದು ಶೇಕಡಾ 2.6 ಮತ, 12 ಸ್ಥಾನ. 1930ರಲ್ಲಿ ಕ್ರಮಸಂಖ್ಯೆ 9. ಮತ ಶೇಕಡಾ 18.3, ಸ್ಥಾನ 107. 1932ರ ಜುಲೈನಲ್ಲಿ ಕ್ರಮಸಂಖ್ಯೆ 2. ಮತ ಶೇಕಡಾ 37.3, ಸ್ಥಾನ 230. ಅದೇ ವರ್ಷದ ನವೆಂಬರಿನಲ್ಲಿ ಕ್ರಮಸಂಖ್ಯೆ 1. ಆದರೆ ಪಟ್ಟಿಯ ತುದಿಗೇರಿದ ಆ ಚುನಾವಣೆಯಲ್ಲಿಯೇ ಮತ ಶೇಕಡಾ 33.1ಕ್ಕೆ ಇಳಿದು, ಸುಮಾರು 20 ಲಕ್ಷ ಮತದಾರರು ಆ ಪಕ್ಷವನ್ನು ಬಿಟ್ಟುಹೋದರು.

ಇಲ್ಲಿ ನಿಂತು ಒಂದು ಮಾತನ್ನು ಗುರುತಿಸಿಕೊಳ್ಳಬೇಕು. ‘ಹಿಟ್ಲರನನ್ನು ಜನರೇ ಬಹುಮತದಿಂದ ಆರಿಸಿದರು’ ಎಂದು ನಮ್ಮಲ್ಲಿ ವಿದ್ಯಾವಂತರೂ ಹೇಳುವುದನ್ನು ಕೇಳಿದ್ದೇನೆ. ಮುಕ್ತವಾಗಿ ನಡೆದ ಯಾವ ಚುನಾವಣೆಯಲ್ಲಿಯೂ ಅವನ ಪಕ್ಷಕ್ಕೆ ಅರ್ಧದಷ್ಟು ಮತ ಬರಲಿಲ್ಲ. 1932ರಲ್ಲಿ ರಾಷ್ಟ್ರಾಧ್ಯಕ್ಷ ಪದವಿಗೆ ಸ್ಪರ್ಧಿಸಿದಾಗಲೂ ಅವನು ಹಿಂಡೆನ್‌ಬರ್ಗರ ಎದುರು ಸೋತನು. 1933ರ ಜನವರಿ 30ರಂದು ಅವನು ಪ್ರಧಾನಿಯಾದದ್ದು, ಅವನನ್ನು ಹತೋಟಿಯಲ್ಲಿ ಇಟ್ಟುಕೊಳ್ಳಬಹುದೆಂದು ಎಣಿಸಿದ ಕೆಲವು ಹಿರಿಯ ರಾಜಕಾರಣಿಗಳ ಒಪ್ಪಂದದಿಂದ, ಅದೇ ಹಿಂಡೆನ್‌ಬರ್ಗರ ನೇಮಕದಿಂದ. ಹಾಗೆಂದು ಮತದಾರರ ಹೊಣೆ ಇಲ್ಲವೆಂದಲ್ಲ. ಮೂವರಲ್ಲಿ ಒಬ್ಬರು ಕಣ್ಣು ತೆರೆದೇ ಅವನಿಗೆ ಮತ ಕೊಟ್ಟಿದ್ದರು. ಉಳಿದ ಇಬ್ಬರು ಒಂದಾಗಲಿಲ್ಲ.

1933ರ ಮಾರ್ಚ್ 5ರ ಮತಪತ್ರ ಮೇಲ್ನೋಟಕ್ಕೆ ಹಿಂದಿನವುಗಳಂತೆಯೇ ಇದೆ. ಒಂದರ ಕೆಳಗೊಂದು ಪಕ್ಷಗಳು, ಎದುರಿಗೆ ವೃತ್ತಗಳು. ಆದರೆ ಅದಕ್ಕೆ ಆರು ದಿನ ಮೊದಲು, ಫೆಬ್ರವರಿ 27ರ ರಾತ್ರಿ, ಸಂಸತ್ ಭವನಕ್ಕೆ ಬೆಂಕಿ ಬಿದ್ದಿತ್ತು. ಮರುದಿನವೇ ಹೊರಟ ಆಜ್ಞೆಯಿಂದ ವಾಕ್ ಸ್ವಾತಂತ್ರ್ಯ, ಸಭೆ ಸೇರುವ ಸ್ವಾತಂತ್ರ್ಯ, ಪತ್ರಿಕಾ ಸ್ವಾತಂತ್ರ್ಯ ಎಲ್ಲವೂ ಅಮಾನತ್ತಿನಲ್ಲಿದ್ದವು. ಕಮ್ಯುನಿಸ್ಟ್ ಪಕ್ಷದ ಹೆಸರು ಮತಪತ್ರದಲ್ಲಿ ಮೂರನೆಯ ಸಾಲಿನಲ್ಲಿ ಅಚ್ಚಾಗಿಯೇ ಇತ್ತು. ಅದರ ನಾಯಕ ಥೇಲ್ಮನ್ ಮಾತ್ರ ಎರಡು ದಿನ ಮೊದಲು ಬಂಧಿತನಾಗಿದ್ದನು. ಅಷ್ಟಾದರೂ ಶೇಕಡಾ 12.3ರಷ್ಟು ಮತದಾರರು ಆ ಸಾಲಿಗೆ ಗುರುತು ಹಾಕಿದರು. ಗೆದ್ದ 81 ಸ್ಥಾನಗಳಲ್ಲಿ ಒಂದರಲ್ಲಿಯೂ ಯಾರೂ ಕುಳಿತುಕೊಳ್ಳಲಿಲ್ಲ. ಇಷ್ಟೆಲ್ಲ ಬಲಪ್ರಯೋಗದ ನಡುವೆಯೂ ಹಿಟ್ಲರನ ಪಕ್ಷಕ್ಕೆ ಬಂದ ಮತ ಶೇಕಡಾ 43.9 ಮಾತ್ರ. ಮಿತ್ರಪಕ್ಷದ ಆಸರೆಯಿಂದ ಬಹುಮತವಾಯಿತು. ಮಾರ್ಚ್ 23ರಂದು ಸಂಸತ್ತು ತನ್ನ ಶಾಸನಾಧಿಕಾರವನ್ನು ಮಂತ್ರಿಮಂಡಲಕ್ಕೆ ಒಪ್ಪಿಸಿಬಿಟ್ಟಿತು. ಪರವಾಗಿ 444, ವಿರುದ್ಧವಾಗಿ 94. ಆ 94 ಮಂದಿಯೂ ಸೋಷಿಯಲ್ ಡೆಮಾಕ್ರಟಿಕ್ ಪಕ್ಷದವರು.

ಜುಲೈ 14ರಂದು ಎರಡು ಕಾನೂನುಗಳು ಒಂದೇ ದಿನ ಹೊರಟವು. ಒಂದು, ದೇಶದಲ್ಲಿ ಇನ್ನು ಮುಂದೆ ಒಂದೇ ಪಕ್ಷವೆಂದು ಹೇಳಿತು. ಇನ್ನೊಂದು, ಸರ್ಕಾರವು ತನಗೆ ಬೇಕಾದಾಗ ಜನರ ಅಭಿಪ್ರಾಯ ಕೇಳಬಹುದೆಂದು ಹೇಳಿತು. ಜನರಿಂದ ಆಯ್ಕೆಯನ್ನು ಕಿತ್ತುಕೊಂಡ ದಿನವೇ ಜನರನ್ನು ‘ಕೇಳುವ’ ವ್ಯವಸ್ಥೆಯನ್ನೂ ಮಾಡಿದ್ದು ಆಕಸ್ಮಿಕವಲ್ಲ. ಆ ಸರ್ಕಾರಕ್ಕೆ ಜನರ ಸಲಹೆ ಬೇಕಾಗಿರಲಿಲ್ಲ. ಜನರ ಸಹಿ ಬೇಕಾಗಿತ್ತು.

ಇದರ ಫಲವೇ 1933ರ ನವೆಂಬರ್ 12ರ ಮತಪತ್ರ. ಅಂದು ಮತದಾರನ ಕೈಗೆ ಎರಡು ಪತ್ರ ಕೊಟ್ಟರು. ಲೀಗ್ ಆಫ್ ನೇಷನ್ಸ್ ಸಂಸ್ಥೆಯಿಂದ ಹೊರಬಂದ ಸರ್ಕಾರದ ನೀತಿಯನ್ನು ಕುರಿತದ್ದು ಒಂದು. ಅದರಲ್ಲಿ ‘ಹೌದು’, ‘ಇಲ್ಲ’ ಎರಡೂ ಇದ್ದವು. ಸಂಸತ್ತಿನ ಚುನಾವಣೆಯದು ಮತ್ತೊಂದು; ಅದರಲ್ಲಿ ಒಂದೇ ಪಕ್ಷ, ಹತ್ತು ಹೆಸರು, ಒಂದೇ ವೃತ್ತ. ಒಪ್ಪದವರು ಎಲ್ಲಿ ಗುರುತು ಹಾಕಬೇಕೆಂಬುದು ಪತ್ರದಲ್ಲಿ ಇರಲೇ ಇಲ್ಲ. ಪತ್ರವನ್ನು ಕೆಡಿಸುವುದೊಂದೇ ದಾರಿ. ಸುಮಾರು 34 ಲಕ್ಷ ಮಂದಿ ಹಾಗೆಯೇ ಮಾಡಿದರು. ಆ ಹತ್ತು ಹೆಸರುಗಳ ಪಟ್ಟಿಯಲ್ಲಿ ಎರ್ನ್‌ಸ್ಟ್ ರೋಮ್ ಎಂಬ ಹೆಸರೂ ಇದೆ. ಎಂಟು ತಿಂಗಳೊಳಗೆ ಹಿಟ್ಲರನೇ ಅವನನ್ನು ಗುಂಡಿಟ್ಟು ಕೊಲ್ಲಿಸಿದನು. ಒಂದೇ ವೃತ್ತದಲ್ಲಿ ಹತ್ತು ಹೆಸರು ಒಪ್ಪಿದ ಮತದಾರನಿಗೆ, ಹತ್ತರಲ್ಲಿ ಒಂದನ್ನು ಅಳಿಸುವಾಗ ಯಾರೂ ಏನನ್ನೂ ಕೇಳಲಿಲ್ಲ.

ಅದೇ ದಿನದ ಇನ್ನೊಂದು ಅಂಕಿಯನ್ನು ಅಮೆರಿಕದ ಪತ್ರಕರ್ತ ವಿಲಿಯಂ ಶೈರರ್ ದಾಖಲಿಸಿದ್ದಾರೆ. ಡಾಖೌ ಬಂಧನ ಶಿಬಿರದಲ್ಲಿದ್ದ 2242 ಕೈದಿಗಳಲ್ಲಿ 2154 ಮಂದಿ, ತಮ್ಮನ್ನು ವಿಚಾರಣೆಯಿಲ್ಲದೆ ಕೂಡಿಹಾಕಿದ ಸರ್ಕಾರಕ್ಕೇ ಮತ ಕೊಟ್ಟರು. ಅಂದರೆ ಶೇಕಡಾ 96. ಸೆರೆಯಲ್ಲಿರುವವರೂ ಹೊರಗಿರುವವರೂ ಒಂದೇ ಪ್ರಮಾಣದಲ್ಲಿ ಸರ್ಕಾರವನ್ನು ಮೆಚ್ಚುತ್ತಿದ್ದಾರೆ ಎಂದು ಒಂದು ಲೆಕ್ಕ ತೋರಿಸಿದರೆ, ಪರಿಶೋಧಕನು ಆ ಲೆಕ್ಕಕ್ಕೆ ಸಹಿ ಹಾಕುವುದಿಲ್ಲ. ಆ ಅಂಕಿ ಕೈದಿಗಳ ಮನಸ್ಸನ್ನು ಕುರಿತು ಏನನ್ನೂ ಹೇಳದು. ಶಿಬಿರವನ್ನು ಕುರಿತು ಎಲ್ಲವನ್ನೂ ಹೇಳುತ್ತದೆ.

1934ರ ಆಗಸ್ಟ್ 2ರಂದು ಹಿಂಡೆನ್‌ಬರ್ಗ್ ತೀರಿಕೊಂಡರು. ಅಧ್ಯಕ್ಷ ಪದವಿಯನ್ನೂ ಪ್ರಧಾನಿ ಪದವಿಯನ್ನೂ ಹಿಟ್ಲರನಲ್ಲಿ ಒಂದುಗೂಡಿಸಿದ ಕ್ರಮಕ್ಕೆ ಆಗಸ್ಟ್ 19ರಂದು ಜನಮತ ಕೇಳಲಾಯಿತು. ಈ ಪತ್ರದಲ್ಲಿ ‘ಇಲ್ಲ’ ಎಂಬ ವೃತ್ತ ಇತ್ತು. ಸುಮಾರು 43 ಲಕ್ಷ ಮಂದಿ ಅದರಲ್ಲಿ ಗುರುತು ಹಾಕಿದರು. ಇನ್ನೂ ಎಂಟು ಲಕ್ಷಕ್ಕೂ ಮಿಕ್ಕಿ ಮತಗಳು ಅಸಿಂಧುವಾದವು. ಹತ್ತರಲ್ಲಿ ಒಂಬತ್ತು ‘ಹೌದು’ ಬಂದಿದ್ದರೂ ಆ ಒಂದು ‘ಇಲ್ಲ’ ಸರ್ಕಾರಕ್ಕೆ ಹೆಚ್ಚೆನಿಸಿತು. ಮುಂದಿನ ಸಲ, 1936ರ ಮಾರ್ಚ್ 29ರಂದು, ಬಂದ ಪತ್ರದಲ್ಲಿ ಮತ್ತೆ ಒಂದೇ ವೃತ್ತ. ಶೇಕಡಾ 98.8. ಆ ಹೊತ್ತಿಗೆ ಯೆಹೂದಿಗಳ ಮತದಾನದ ಹಕ್ಕನ್ನೇ ಕಾನೂನಿನಿಂದ ಕಿತ್ತುಹಾಕಲಾಗಿತ್ತು. ಮತಪತ್ರವನ್ನು ತಿದ್ದುವುದು ಒಂದು ವಿಧ; ಮತದಾರರ ಪಟ್ಟಿಯನ್ನೇ ತಿದ್ದುವುದು ಇನ್ನೊಂದು ವಿಧ. ಮೊದಲನೆಯದು ಕಣ್ಣಿಗೆ ಬೀಳುತ್ತದೆ. ಎರಡನೆಯದು ಯಾವ ಮತಪತ್ರದಲ್ಲಿಯೂ ಕಾಣುವುದಿಲ್ಲ.

ಈಗ ಮತ್ತೆ 1938ರ ಪತ್ರಕ್ಕೆ ಬರೋಣ. ವೃತ್ತಗಳ ಗಾತ್ರದ ಕಡೆಗೆ ಎಲ್ಲರ ಕಣ್ಣು ಹೋಗುತ್ತದೆ. ನನಗೆ ಕಂಡ ದೊಡ್ಡ ದೋಷ ಪ್ರಶ್ನೆಯಲ್ಲಿಯೇ ಇದೆ. ಆಸ್ಟ್ರಿಯಾ ಜರ್ಮನಿಯೊಡನೆ ಸೇರಿದ್ದಕ್ಕೆ ನಿನ್ನ ಸಮ್ಮತಿಯಿದೆಯೇ, ಮತ್ತು ನಮ್ಮ ನಾಯಕನ ಪಟ್ಟಿಗೆ ನೀನು ಮತ ಕೊಡುತ್ತೀಯೇ ಎಂದು ಎರಡು ಪ್ರಶ್ನೆಗಳನ್ನು ಒಂದೇ ವಾಕ್ಯದಲ್ಲಿ ಹೆಣೆಯಲಾಗಿದೆ. ಉತ್ತರಕ್ಕೆ ಮಾತ್ರ ಒಂದೇ ಅವಕಾಶ. ಎರಡು ದೇಶಗಳು ಕೂಡಬೇಕೆಂದು ಬಯಸಿದ, ಆದರೆ ಹಿಟ್ಲರನನ್ನು ಒಪ್ಪದ ಮತದಾರರು ಆಸ್ಟ್ರಿಯಾದಲ್ಲಿ ಸಾಕಷ್ಟು ಮಂದಿ ಇದ್ದರು. ಅಂಥವರಿಗೆ ಈ ಪತ್ರದಲ್ಲಿ ಉತ್ತರವಿಲ್ಲ. ನಮ್ಮ ದೇಶದ ಕಂಪನಿ ಕಾನೂನಿನ 162ನೆಯ ಕಲಮು ಒಂದು ಸಣ್ಣ, ವಿವೇಕದ ನಿಯಮ ಮಾಡಿದೆ. ಮಹಾಸಭೆಯಲ್ಲಿ ಇಬ್ಬರು ಅಥವಾ ಹೆಚ್ಚು ನಿರ್ದೇಶಕರನ್ನು ಒಂದೇ ನಿರ್ಣಯದಿಂದ ನೇಮಿಸಕೂಡದು. ಹಾಗೆ ನೇಮಿಸಬೇಕಾದರೆ, ಒಂದೂ ವಿರೋಧ ಮತವಿಲ್ಲದೆ ಸಭೆ ಅದಕ್ಕೆ ಮೊದಲು ಒಪ್ಪಿರಬೇಕು. ಬೇಕಾದವನ ಜೊತೆಗೆ ಬೇಡದವನನ್ನೂ ಕಟ್ಟಿಕೊಡುವ ಉಪಾಯ ಎಷ್ಟು ಹಳೆಯದೆಂಬುದನ್ನು ಆ ಕಾನೂನು ಮಾಡಿದವರು ಬಲ್ಲವರಾಗಿದ್ದರು.

ಇನ್ನು ಗುಟ್ಟಿನ ವಿಚಾರ. ಆ ದಿನ ವಿಯೆನ್ನಾದಲ್ಲಿದ್ದ ಶೈರರ್ ಒಂದು ಮತಗಟ್ಟೆಗೆ ಹೋಗಿ ನೋಡಿದರು. ಗುರುತು ಹಾಕುವ ಮರೆಯ ಮೂಲೆಯಲ್ಲಿ ಅಗಲವಾದ ಸೀಳೊಂದಿತ್ತು. ಕೆಲವೇ ಅಡಿ ದೂರದಲ್ಲಿ ಕುಳಿತಿದ್ದ ಚುನಾವಣಾ ಸಮಿತಿಯವರಿಗೆ ಒಳಗಿನದೆಲ್ಲ ಕಾಣುತ್ತಿತ್ತು. ಜರ್ಮನಿಯ ಕೊಬ್ಲೆನ್ಜ್ ಸುತ್ತಿನ ಭದ್ರತಾ ದಳದ ವರದಿಯೊಂದು ಯುದ್ಧಾನಂತರ ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಹಾಜರಾಯಿತು. ಅದರ ಪ್ರಕಾರ ಕೆಲವೆಡೆ ಮತಪತ್ರಗಳ ಬೆನ್ನಿಗೆ ಕೆನೆ ತೆಗೆದ ಹಾಲಿನಿಂದ ಕ್ರಮಸಂಖ್ಯೆ ಬರೆದಿದ್ದರು. ಬಂದವರಿಗೆ ಅನುಕ್ರಮವಾಗಿ ಪತ್ರ ಹಂಚಿ, ಹೆಸರುಗಳ ಪಟ್ಟಿಯನ್ನೂ ಅದೇ ಅನುಕ್ರಮದಲ್ಲಿ ಬರೆದುಕೊಂಡರು. ‘ಇಲ್ಲ’ ಎಂದವರಾರು, ಪತ್ರ ಕೆಡಿಸಿದವರಾರು ಎಂಬುದನ್ನು ಆಮೇಲೆ ಹೆಸರು ಹಿಡಿದು ಗುರುತಿಸಿದರು.

ಇಲ್ಲಿ ಒಂದು ಸೂಕ್ಷ್ಮವನ್ನು ನಾವು ಗಮನಿಸಬೇಕು. ಭಾರತದ ಕಾಗದದ ಮತಪತ್ರದಲ್ಲಿಯೂ ಕ್ರಮಸಂಖ್ಯೆ ಇರುತ್ತದೆ. ಕೌಂಟರ್‌ಫಾಯಿಲ್ ಮೇಲೆ ಮತದಾರನ ಸಹಿಯನ್ನೋ ಹೆಬ್ಬೆಟ್ಟಿನ ಗುರುತನ್ನೋ ಪಡೆಯುತ್ತಾರೆ. ಎರಡನ್ನೂ ಜೋಡಿಸಿದರೆ ಯಾರು ಯಾರಿಗೆ ಮತ ಕೊಟ್ಟರೆಂದು ತಿಳಿದುಬಿಡುತ್ತದೆ. ಆದರೆ ಆ ಕಟ್ಟುಗಳಿಗೆ ಮೊಹರು ಹಾಕಿ, ನ್ಯಾಯಾಲಯದ ಆಜ್ಞೆಯ ಹೊರತು ಯಾರೂ ಬಿಚ್ಚಕೂಡದೆಂದು ನಿಯಮ ಮಾಡಲಾಗಿದೆ. ಕಳ್ಳಮತವನ್ನು ಹಿಡಿಯಲು ಅಲ್ಲಿ ಸಂಖ್ಯೆ ಬೇಕು. ಪ್ರಾಮಾಣಿಕ ಮತದಾರನನ್ನು ಕಾಯಲು ಮೊಹರು ಬೇಕು. ಕೊಬ್ಲೆನ್ಜಿನಲ್ಲಿ ಇದ್ದದ್ದೂ ಸಂಖ್ಯೆಯೇ. ಇಲ್ಲದಿದ್ದದ್ದು ಮೊಹರು, ಮತ್ತು ಆ ಮೊಹರನ್ನು ಕಾಯುವ ಸ್ವತಂತ್ರ ನ್ಯಾಯಾಲಯ. ಗುಟ್ಟು ಎಂಬುದು ಕಾಗದದ ಗುಣವಲ್ಲ. ಕಾಗದದ ಸುತ್ತ ನಾವು ಕಟ್ಟಿಕೊಂಡ ವ್ಯವಸ್ಥೆಯ ಗುಣ.

ಹಾಗಾದರೆ ಆ ಶೇಕಡಾ 99 ಪೂರ್ತಿ ಸುಳ್ಳೇ? ಇಲ್ಲ. ಅಂದು ಅನೇಕರು ಮನಃಪೂರ್ವಕವಾಗಿಯೇ ‘ಹೌದು’ ಎಂದಿದ್ದರು. ಇತಿಹಾಸವನ್ನು ಓದಿದವರು ಅದನ್ನು ಅಲ್ಲಗಳೆಯುವಂತಿಲ್ಲ. ಅಲ್ಲಿನ ನಿಜವಾದ ಸಮರ್ಥಕರು ಎಷ್ಟು, ಭಯಪಟ್ಟವರು ಎಷ್ಟು, ಸುಮ್ಮನೆ ಗುಂಪಿನೊಡನೆ ಹೋದವರು ಎಷ್ಟು ಎಂಬುದನ್ನು ಆ ಪತ್ರಗಳಿಂದ ಯಾರೂ ತಿಳಿಯಲಾರರು, ಹಿಟ್ಲರನೂ ತಿಳಿಯಲಾರ. ‘ಇಲ್ಲ’ ಎನ್ನುವ ದಾರಿಯನ್ನು ಮುಚ್ಚಿದವನು, ತನಗೆ ಸಿಕ್ಕ ನಿಜವಾದ ‘ಹೌದು’ಗಳ ಬೆಲೆಯನ್ನೂ ತಾನೇ ಕಳೆದುಕೊಂಡಿರುತ್ತಾನೆ.

ಈ ಇತಿಹಾಸದಲ್ಲಿ ನಮ್ಮಂಥ ಚಿಕ್ಕ ಸಮುದಾಯಗಳಿಗೆ ನೇರವಾಗಿ ತಟ್ಟುವ ಪ್ರಸಂಗವೊಂದಿದೆ. ‘ಅಧಿಕಾರದಲ್ಲಿರುವವರು ಯಾರೇ ಆಗಲಿ, ನಮ್ಮ ಒಪ್ಪಿಗೆ ಮೊದಲೇ ತಲುಪಿಸಿಬಿಡೋಣ, ನಮ್ಮ ಮಂದಿರ, ನಮ್ಮ ವ್ಯವಹಾರ ಕ್ಷೇಮವಾಗಿದ್ದರೆ ಸಾಕು’ ಎಂಬ ಮಾತನ್ನು ಮುಂಬಯಿಯಿಂದ ದೆಹಲಿಯವರೆಗೆ ನಮ್ಮವರ ಮನೆಗಳಲ್ಲಿ ಕೇಳುತ್ತೇವೆ. 1938ರ ಮಾರ್ಚ್‌ನಲ್ಲಿ ಆಸ್ಟ್ರಿಯಾದ ಕ್ಯಾಥೊಲಿಕ್ ಬಿಷಪ್ಪರು ಇದೇ ಲೆಕ್ಕಾಚಾರ ಹಾಕಿದರು. ಹೊಸ ಆಡಳಿತವನ್ನು ಬೆಂಬಲಿಸುವ ಹೇಳಿಕೆಗೆ ಸಹಿ ಮಾಡಿದರು. ವಿಯೆನ್ನಾದ ಕಾರ್ಡಿನಲ್ ಇನ್ನಿಟ್ಜರ್ ಅದರ ಜೊತೆಯ ಪತ್ರದಲ್ಲಿ ತಮ್ಮ ಕೈಬರಹದಿಂದಲೇ ನಾತ್ಸಿಗಳ ಜಯಘೋಷವನ್ನೂ ಬರೆದರು. ಹೇಳಿಕೆಯನ್ನು ಚರ್ಚುಗಳಲ್ಲಿ ಓದಿಸಲಾಯಿತು. ಭಕ್ತರು ‘ಹೌದು’ ಎಂದರು. ಆರು ತಿಂಗಳು ತುಂಬುವ ಮೊದಲೇ, ಅಕ್ಟೋಬರ್ 8ರಂದು, ಹಿಟ್ಲರನ ಯುವದಳದವರು ಅದೇ ಕಾರ್ಡಿನಲ್ಲರ ನಿವಾಸಕ್ಕೆ ನುಗ್ಗಿ ಧ್ವಂಸ ಮಾಡಿದರು. ಮುಂಗಡವಾಗಿ ಕೊಟ್ಟ ಒಪ್ಪಿಗೆಯನ್ನು ಯಾವ ಸರ್ವಾಧಿಕಾರಿಯೂ ಖಾತೆಗೆ ಜಮಾ ಮಾಡಿಕೊಳ್ಳುವುದಿಲ್ಲ. ಧರ್ಮಗುರುಗಳ ಸಂದೇಶವನ್ನು ಮತಗಟ್ಟೆಗೆ ಒಯ್ಯುವ ಅಭ್ಯಾಸ ಬೆಳೆಸಿಕೊಳ್ಳುತ್ತಿರುವ ಎಲ್ಲ ಸಮಾಜಗಳೂ ಈ ಪ್ರಸಂಗವನ್ನು ಓದಿಕೊಳ್ಳುವುದು ಒಳ್ಳೆಯದು.

ಇಂದಿನ ಭಾರತವನ್ನು ಅಂದಿನ ಜರ್ಮನಿಗೆ ಹೋಲಿಸುವುದು ನನ್ನ ಉದ್ದೇಶವಲ್ಲ. ಸರ್ಕಾರಗಳು ಸೋಲುವ, ಬದಲಾಗುವ ದೇಶ ನಮ್ಮದು. ಅಂಥ ದೇಶದಲ್ಲಿಯೂ ‘ಇಲ್ಲ’ ಎಂಬುದಕ್ಕೆ ಗೌರವದ ಜಾಗ ಸಿಗಲು ಬಹಳ ಕಾಲ ಹಿಡಿಯಿತು. 2013ಕ್ಕೆ ಮೊದಲು, ಯಾರಿಗೂ ಮತ ಹಾಕಲು ಇಷ್ಟವಿಲ್ಲದವನು ಮತಗಟ್ಟೆಯ ಅಧಿಕಾರಿಗೆ ಹಾಗೆಂದು ಹೇಳಿ, ಎಲ್ಲರೆದುರು ಪುಸ್ತಕದಲ್ಲಿ ಬರೆಸಿ ಸಹಿ ಹಾಕಬೇಕಾಗಿತ್ತು. ‘ಹೌದು’ ಎನ್ನುವವನಿಗೆ ಗುಟ್ಟು, ‘ಇಲ್ಲ’ ಎನ್ನುವವನಿಗೆ ಬಹಿರಂಗ. ಆ ವರ್ಷದ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟು ಇದು ತಪ್ಪೆಂದು ತೀರ್ಮಾನಿಸಿದ ಮೇಲೆ ನೋಟಾ ಗುಂಡಿ ಬಂದಿತು.

ಆದರೂ ಒಂದು ಬಾಗಿಲು ಇನ್ನೂ ಮುಚ್ಚಿಯೇ ಇದೆ. ಕಣದಲ್ಲಿ ಒಬ್ಬನೇ ಉಳಿದರೆ ಮತದಾನವೇ ನಡೆಯುವುದಿಲ್ಲ, ನೋಟಾಕ್ಕೂ ಅವಕಾಶವಿಲ್ಲ. ಅವನು ಗೆದ್ದನೆಂದು ಅಧಿಕಾರಿ ಘೋಷಿಸಿಬಿಡುತ್ತಾನೆ. 2012ರಲ್ಲಿ ಕನೌಜಿನ ಲೋಕಸಭಾ ಉಪಚುನಾವಣೆಯಲ್ಲಿ ಸಮಾಜವಾದಿ ಪಕ್ಷಕ್ಕೆ, 2024ರಲ್ಲಿ ಸೂರತ್ತಿನಲ್ಲಿ ಭಾರತೀಯ ಜನತಾ ಪಕ್ಷಕ್ಕೆ ಸ್ಥಾನ ದೊರೆತದ್ದು ಹೀಗೆಯೇ. ಯಾವ ಪಕ್ಷಕ್ಕೆ ಲಾಭವಾಯಿತೆಂಬುದು ನನ್ನ ಪ್ರಶ್ನೆಯಲ್ಲ. ಆ ಕ್ಷೇತ್ರಗಳ ಮತದಾರರು ಅಂದು ಮನೆಯಲ್ಲಿ ಉಳಿದರು. ಒಂದೇ ವೃತ್ತದ ಮತಪತ್ರವನ್ನು ಕೆಡಿಸುವ ಅವಕಾಶವಾದರೂ ಜರ್ಮನ್ ಮತದಾರನಿಗಿತ್ತು. ಒಬ್ಬನೇ ಅಭ್ಯರ್ಥಿ ಉಳಿದಾಗಲೂ ‘ಹೌದು’, ‘ನೋಟಾ’ ಎಂಬ ಎರಡು ಗುಂಡಿಗಳೊಡನೆ ಮತದಾನ ನಡೆಯಲೇಬೇಕೆಂದು ಕಾನೂನಿಗೆ ತಿದ್ದುಪಡಿ ತರಬೇಕೆಂಬುದು ನನ್ನ ಅಭಿಪ್ರಾಯ.

ಸಂಸತ್ತಿಗೆ ಸಲಹೆ ಕೊಡುವುದು ಸುಲಭ. ನಾನೂ ಭಾಗಿಯಾಗಿದ್ದ ಒಂದು ಸಭೆಯ ಮಾತನ್ನು ಹೇಳದೆ ಹೋದರೆ ಈ ಬರಹ ಅಪ್ರಾಮಾಣಿಕವಾದೀತು.

ಕೆಲವು ವರ್ಷಗಳ ಹಿಂದೆ ನಾನಿರುವ ಊರಿನಲ್ಲಿ ನಮ್ಮ ಸಮಾಜದ ಸಂಘವೊಂದರ ವಾರ್ಷಿಕ ಮಹಾಸಭೆ ನಡೆಯಿತು. ಹೊಸ ಕಾರ್ಯಕಾರಿ ಸಮಿತಿಗೆ ಹನ್ನೊಂದು ಹೆಸರುಗಳನ್ನು ಒಟ್ಟಿಗೆ ಓದಲಾಯಿತು. ‘ಯಾರದಾದರೂ ಆಕ್ಷೇಪವಿದೆಯೇ?’ ಎಂದು ಅಧ್ಯಕ್ಷರು ಕೇಳಿದರು. ಎರಡನೆಯ ಸಾಲಿನಲ್ಲಿದ್ದ ಹಿರಿಯರೊಬ್ಬರು ಕೈ ಅರ್ಧ ಎತ್ತಿದರು. ವಿದ್ಯಾರ್ಥಿವೇತನದ ನಿಧಿಯ ಲೆಕ್ಕ ಎರಡು ವರ್ಷದಿಂದ ಸಭೆಯ ಮುಂದೆ ಬಂದಿಲ್ಲವೆಂಬುದು ಅವರ ಕೊರಗು. ನನಗೂ ಅದು ಗೊತ್ತಿತ್ತು. ಪಕ್ಕದಲ್ಲಿದ್ದ ಅವರ ಮಗ ‘ಬೇಡಿ ಅಪ್ಪಾಜಿ’ ಎಂದು ತೋಳು ಹಿಡಿದನು. ಹನ್ನೊಂದು ಹೆಸರುಗಳಲ್ಲಿ ಒಬ್ಬರ ಬಳಿಯೇ ಅವನು ನೌಕರಿಗಿದ್ದನು. ಕೈ ಕೆಳಗಿಳಿಯಿತು, ಚಪ್ಪಾಳೆಯಾಯಿತು, ಊಟಕ್ಕೆ ಎಲೆ ಹಾಕಿದರು. ಆ ದಿನದ ನಡಾವಳಿಯನ್ನು ಬರೆದವನು ನಾನು. ‘ಸರ್ವಾನುಮತದಿಂದ ಆಯ್ಕೆಯಾದರು’ ಎಂದು ಬರೆದೆ. ಅಕ್ಷರಶಃ ಅದು ಸುಳ್ಳಲ್ಲ. ಆದರೆ ಅಂಥ ಸಾಕ್ಷ್ಯದ ಮೇಲೆ ಬೇರೆ ಯಾವುದೇ ಕಂಪನಿಯ ಲೆಕ್ಕಕ್ಕೆ ನಾನು ಸಹಿ ಮಾಡುತ್ತಿರಲಿಲ್ಲ. ಆ ಹಿರಿಯರು ಈಗಿಲ್ಲ. ಅವರ ಅರ್ಧ ಎತ್ತಿದ ಕೈ ನಡಾವಳಿಯ ಪುಸ್ತಕದಲ್ಲಿ ಎಲ್ಲಿಯೂ ಇಲ್ಲ.

ಅವಿರೋಧ ಆಯ್ಕೆಯನ್ನು ನಾವು ಒಗ್ಗಟ್ಟಿನ ಹೆಗ್ಗುರುತೆಂದು ಮೆರೆಸುತ್ತೇವೆ. ‘ಚುನಾವಣೆ ನಡೆಸಿದರೆ ಸಮಾಜ ಒಡೆಯುತ್ತದೆ’ ಎಂಬ ಭಯ ಹಿರಿಯರಲ್ಲಿದೆ. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಪರಸ್ಥಳದಲ್ಲಿ ಬೆರಳೆಣಿಕೆಯ ಕುಟುಂಬಗಳು ಸೇರಿ ಕಟ್ಟಿದ ಸಂಸ್ಥೆಗಳಿವು. ಆದರೆ ಬಾಯಿಬಿಡದ ಅಸಮಾಧಾನ ಕರಗಿಹೋಗುವುದಿಲ್ಲ. ಅದು ಮನೆಗೆ ಹೋಗುತ್ತದೆ, ಮಕ್ಕಳನ್ನು ಸಂಘದಿಂದ ದೂರವಿಡುತ್ತದೆ, ಕಡೆಗೆ ಒಂದು ದಿನ ಎರಡನೆಯ ಸಂಘವಾಗಿ ಹೊರಬರುತ್ತದೆ. ಅನೇಕಾಂತವನ್ನು ಪ್ರವಚನಗಳಲ್ಲಿ ಕೊಂಡಾಡುವ ನಾವು ನಮ್ಮದೇ ಸಭೆಯಲ್ಲಿ ಎರಡನೆಯ ವೃತ್ತ ಮುದ್ರಿಸಲು ಹಿಂಜರಿದರೆ, ಆ ಕೊಂಡಾಟಕ್ಕೆ ಅರ್ಥವೇನು?

ಆದುದರಿಂದ ನಮ್ಮ ಸಂಘಗಳ ಮುಂದೆ ನಾಲ್ಕು ಸಣ್ಣ ಸಲಹೆಗಳನ್ನು ಇಡುತ್ತೇನೆ. ಪ್ರತಿಯೊಬ್ಬ ಪದಾಧಿಕಾರಿಯ ಹೆಸರಿಗೂ ಪ್ರತ್ಯೇಕ ಮತವಿರಲಿ. ಇಡೀ ಪಟ್ಟಿಯನ್ನು ಒಂದೇ ಚಪ್ಪಾಳೆಯಲ್ಲಿ ಮುಗಿಸಬಾರದು. ಒಬ್ಬರೇ ಅಭ್ಯರ್ಥಿಯಿದ್ದರೂ ‘ಒಪ್ಪಿಗೆ’, ‘ಒಪ್ಪಿಗೆಯಿಲ್ಲ’ ಎಂಬ ಒಂದೇ ಗಾತ್ರದ ಎರಡು ಜಾಗಗಳುಳ್ಳ ಚೀಟಿ ಕೊಟ್ಟು, ಮುಚ್ಚಿದ ಪೆಟ್ಟಿಗೆಯಲ್ಲಿ ಹಾಕಿಸಲಿ. ಅಭ್ಯರ್ಥಿಗಳಲ್ಲದ ಇಬ್ಬರು ಎಣಿಸಿ, ಪರ, ವಿರುದ್ಧ, ಅಸಿಂಧು ಮೂರೂ ಅಂಕಿಗಳನ್ನು ನಡಾವಳಿಯಲ್ಲಿ ಬರೆಯಲಿ. ‘ಕುಟುಂಬಕ್ಕೊಂದು ಮತ’ ಎಂಬ ನಿಯಮವಿರುವ ಕಡೆ ಅದನ್ನು ಬಿಟ್ಟು, ವಯಸ್ಕರಾದ ಪ್ರತಿಯೊಬ್ಬರಿಗೂ, ಮುಖ್ಯವಾಗಿ ಮನೆಯ ಹೆಣ್ಣುಮಕ್ಕಳಿಗೆ, ಸ್ವಂತ ಮತ ಕೊಡಲಿ. ಇದಕ್ಕೆ ಬೇಕಾದದ್ದು ಒಂದು ಪೆಟ್ಟಿಗೆ, ಒಂದಿಷ್ಟು ಕಾಗದ, ಊಟಕ್ಕೆ ಮೊದಲು ಅರ್ಧ ಗಂಟೆ.

ಆ ಚೀಟಿಗಳಲ್ಲಿ ಎಂಬತ್ತು ‘ಒಪ್ಪಿಗೆ’ಯೂ ಇಪ್ಪತ್ತು ‘ಒಪ್ಪಿಗೆಯಿಲ್ಲ’ವೂ ಬಂದರೆ ಗೆದ್ದವರಿಗೆ ಅವಮಾನವೇನೂ ಇಲ್ಲ. ಅವರ ಎಂಬತ್ತು ಅಂದು ಮೊದಲ ಸಲ ನಿಜವಾದ ಎಂಬತ್ತಾಗುತ್ತದೆ. ಮುಂದಿನ ವಾರ್ಷಿಕ ಸಭೆಯಲ್ಲಿ ಈ ಠರಾವನ್ನು ನಾನೇ ಮಂಡಿಸಲಿದ್ದೇನೆ. ಅದನ್ನೂ ಕೈ ಎತ್ತಿಸದೆ ಚೀಟಿಯ ಮೂಲಕವೇ ಮತಕ್ಕೆ ಹಾಕಬೇಕೆಂದು ಕೇಳಿಕೊಳ್ಳುತ್ತೇನೆ. ಠರಾವು ಬಿದ್ದುಹೋದರೆ, ಎಷ್ಟು ಮತಗಳಿಂದ ಬಿತ್ತೆಂಬುದನ್ನು ಈ ಸಲ ನಡಾವಳಿಯಲ್ಲಿ ಸರಿಯಾಗಿ ಬರೆಯುತ್ತೇನೆ.